ಪೂಜ್ಯ ಸಂತ ಬೀಡ್: ಕ್ರಿಸ್ತಜಯಂತಿಯಿಂದ ವರ್ಷಗಳನ್ನೆಣಿಸಿದ ಸನ್ಯಾಸಿ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಆ ಧರ್ಮಕೇಂದ್ರದ ಭಕ್ತಜನರು ಮೊದಲು ಕೈಗೊಳ್ಳುವ ಕಾರ್ಯವೆಂದರೆ ಸ್ಮರಣೆ. ಅಡಿಗಲ್ಲನ್ನಿಟ್ಟ ವರ್ಷ ಯಾವುದು, ಮೊದಲ ಬಲಿಪೂಜೆಯನ್ನರ್ಪಿಸಿದ ಗುರುಗಳು ಯಾರು, ಕಲ್ಲು ಮಣ್ಣು ಹೊತ್ತ ಹಿರಿಯರು ಯಾರು ಎಂದು ಹಳೆಯ ಜ್ಞಾನಸ್ನಾನದ ದಾಖಲೆಗಳನ್ನು ತೆರೆದು, ವಯೋವೃದ್ಧರನ್ನು ವಿಚಾರಿಸಿ, ತಿಳಿದುದನ್ನು ಮುಂದಿನ ಪೀಳಿಗೆಗಾಗಿ ಬರೆದಿಡುತ್ತೇವೆ. ಇಂತಹ ಬರವಣಿಗೆಯನ್ನು ದೇವರ ಸೇವೆಯೆಂದೇ ಭಾವಿಸಿ, ಅದಕ್ಕಾಗಿ ತಮ್ಮ ಇಡೀ ಜೀವನವನ್ನು ಮುಡಿಪಾಗಿಟ್ಟ ಮಹಾತ್ಮರೊಬ್ಬರು ಸಾವಿರದ ಮುನ್ನೂರು ವರ್ಷಗಳ ಹಿಂದೆ ಬ್ರಿಟನ್ನಿನ ಉತ್ತರ ಭಾಗದಲ್ಲಿ ಬಾಳಿದರು. ಅವರೇ ಧರ್ಮಸಭೆಯು ಪ್ರತಿವರ್ಷ ಮೇ 25ರಂದು ಸ್ಮರಿಸುವ ಪೂಜ್ಯ ಸಂತ ಬೀಡ್. ನಾವು ಶತಮಾನೋತ್ಸವವೆಂದು ಎಣಿಸುವ ವರ್ಷಗಳನ್ನು ಕ್ರಿಸ್ತಪ್ರಭುವಿನ ಜನನದಿಂದ ಎಣಿಸುವ ಪದ್ಧತಿಯು ಪಶ್ಚಿಮದ ನಾಡುಗಳಲ್ಲಿ ಬೇರೂರಲು ಮುಖ್ಯ ಕಾರಣರಾದವರೂ ಅವರೇ.

ಉತ್ತರ ದೇಶದ ಸ್ಥಿತಿ

ಬೀಡರು ಹುಟ್ಟಿದ್ದು ಕ್ರಿ.ಶ. 672 ಅಥವಾ 673ರಲ್ಲಿ, ನಾರ್ಥಂಬ್ರಿಯ ಎಂಬ ರಾಜ್ಯದಲ್ಲಿ. ದಕ್ಷಿಣದಲ್ಲಿ ಹಂಬರ್ ನದಿಯಿಂದ ಉತ್ತರದಲ್ಲಿ ಇಂದಿನ ಸ್ಕಾಟ್ಲೆಂಡಿನ ಫೋರ್ತ್ ಅಳಿವೆಯವರೆಗೆ ಹಬ್ಬಿದ್ದ ರಾಜ್ಯ ಅದು. ರೋಮನ್ನರು ಆ ದ್ವೀಪವನ್ನು ತೊರೆದುಹೋಗಿ ಎರಡೂವರೆ ಶತಮಾನಗಳಾಗಿದ್ದವು. ಅವರ ಕೋಟೆಗಳು ಪಾಳುಬಿದ್ದಿದ್ದವು. ಚಕ್ರವರ್ತಿ ಹೇಡ್ರಿಯನ್ನನ ಕಾಲದಲ್ಲಿ, ಕ್ರಿ.ಶ. 122ರ ಸುಮಾರಿಗೆ ಆರಂಭವಾದ ಮಹಾಗೋಡೆಯು ಸಮುದ್ರದಿಂದ ಸಮುದ್ರಕ್ಕೆ ಹಾದು ನಿಂತಿತ್ತು. ಸಮುದ್ರ ದಾಟಿ ಬಂದ ಆಂಗ್ಲರು, ಹಳೆಯ ನಿವಾಸಿಗಳಾದ ಬ್ರಿಟನ್ನರು, ಉತ್ತರದ ಪಿಕ್ಟರು, ಐರ್ಲೆಂಡಿನಿಂದ ಬಂದ ಸ್ಕಾಟರು ಹೀಗೆ ನಾಲ್ಕು ಜನಾಂಗಗಳು ನಾಲ್ಕು ಭಾಷೆಗಳನ್ನಾಡುತ್ತ ಪರಸ್ಪರ ಯುದ್ಧದಲ್ಲಿ ತೊಡಗಿದ್ದವು. ಇವರೆಲ್ಲರಿಗೂ ಸಮಾನವಾದ ಐದನೆಯ ಭಾಷೆಯೆಂದರೆ ಧರ್ಮಗ್ರಂಥದ ಭಾಷೆಯಾದ ಲತೀನ್.

ನಾರ್ಥಂಬ್ರಿಯದ ಆಂಗ್ಲರು ಕ್ರಿಸ್ತವಿಶ್ವಾಸವನ್ನು ಸ್ವೀಕರಿಸಿ ಆಗಿನ್ನೂ ಅರ್ಧ ಶತಮಾನವೂ ಕಳೆದಿರಲಿಲ್ಲ. ಕ್ರಿ.ಶ. 627ರಲ್ಲಿ ದೊರೆ ಎಡ್ವಿನ್ ಯಾರ್ಕ್ ಪಟ್ಟಣದಲ್ಲಿ ಧರ್ಮಾಧ್ಯಕ್ಷ ಪೌಲಿನುಸರಿಂದ ದೀಕ್ಷಾಸ್ನಾನ ಪಡೆದಿದ್ದನು. ಅವನು ಯುದ್ಧದಲ್ಲಿ ಮಡಿದಾಗ ಜನರಲ್ಲಿ ಅನೇಕರು ಹಳೆಯ ದೇವತೆಗಳತ್ತ ಹಿಂದಿರುಗಿದರು. ಬಳಿಕ ದೊರೆ ಓಸ್ವಾಲ್ಡನ ಕೋರಿಕೆಯಂತೆ ಐಯೋನಾ ದ್ವೀಪದ ಮಠದಿಂದ ಸಂತ ಐಡನ್ನರು 635ರಲ್ಲಿ ಬಂದು ಲಿಂಡಿಸ್ಫಾರ್ನ್ ದ್ವೀಪದಲ್ಲಿ ನೆಲೆಸಿ, ಊರೂರು ಕಾಲ್ನಡಿಗೆಯಲ್ಲಿ ಸಂಚರಿಸಿ ಶುಭಸಂದೇಶ ಸಾರಿದರು. ಆರಂಭದಲ್ಲಿ ಅವರಿಗೆ ಆಂಗ್ಲರ ಭಾಷೆ ತಿಳಿದಿರಲಿಲ್ಲ. ದೇಶಭ್ರಷ್ಟನಾಗಿದ್ದಾಗ ಐರಿಷ್ ಭಾಷೆಯನ್ನು ಕಲಿತಿದ್ದ ದೊರೆಯೇ ಅವರ ಬದಿಯಲ್ಲಿ ನಿಂತು ಪ್ರಬೋಧನೆಯನ್ನು ತನ್ನ ಸಾಮಂತರಿಗೆ ಅನುವಾದಿಸಿ ಹೇಳುತ್ತಿದ್ದನು. ಈ ಎಲ್ಲ ಸಂಗತಿಗಳು ನಮಗೆ ಇಂದು ತಿಳಿದಿದ್ದರೆ ಅದು ಬೀಡರ ಲೇಖನಿಯ ಕೃಪೆ.

ಒಂದೇ ಮಠ, ಎರಡು ನೆಲೆಗಳು

ಬೀಡರ ತಂದೆತಾಯಿಯರ ಹೆಸರು ದಾಖಲಾಗಿಲ್ಲ. ಏಳು ವರ್ಷದ ಬಾಲಕನಾಗಿದ್ದಾಗ ಬಂಧುಗಳು ಅವರನ್ನು ವಿಯರ್ ನದಿಯ ಮುಖದಲ್ಲಿದ್ದ ಸಂತ ಪೇತ್ರರ ಮಠಕ್ಕೆ ಒಪ್ಪಿಸಿದರು. ಆ ಮಠವನ್ನು 674ರಲ್ಲಿ ಸ್ಥಾಪಿಸಿದ ಬೆನೆಡಿಕ್ಟ್ ಬಿಸ್ಕಪ್ ಅಸಾಮಾನ್ಯ ವ್ಯಕ್ತಿ. ಅರಸನ ಆಸ್ಥಾನದಲ್ಲಿ ಉನ್ನತ ಸ್ಥಾನದಲ್ಲಿದ್ದ ಅವರು ತಾರುಣ್ಯದಲ್ಲಿಯೇ ಎಲ್ಲವನ್ನೂ ತ್ಯಜಿಸಿ ಸನ್ಯಾಸಿಯಾದರು. ಕಡಲು, ಕಾಡು, ಆಲ್ಪ್ಸ್ ಪರ್ವತಗಳನ್ನು ದಾಟಿ ಬ್ರಿಟನ್ನಿನಿಂದ ಐದು ಬಾರಿ ರೋಮಾಪುರಿಯ ಯಾತ್ರೆ ಕೈಗೊಂಡರು. ಪ್ರತಿಸಲವೂ ಅವರು ಹೊತ್ತು ತಂದದ್ದು ಪುಸ್ತಕಗಳನ್ನು, ಸಂತರ ಅವಶೇಷಗಳನ್ನು ಮತ್ತು ಪವಿತ್ರ ಚಿತ್ರಗಳನ್ನು. ಮರದ ಕಟ್ಟಡಗಳೇ ರೂಢಿಯಲ್ಲಿದ್ದ ಆ ನಾಡಿನಲ್ಲಿ ಕಲ್ಲಿನ ದೇವಾಲಯ ಕಟ್ಟಬೇಕೆಂದು ಗಾಲ್ ದೇಶದಿಂದ, ಅಂದರೆ ಇಂದಿನ ಫ್ರಾನ್ಸಿನಿಂದ, ಕಲ್ಲುಕುಟಿಗರನ್ನು ಕರೆತಂದರು. ಕಿಟಕಿಗಳಿಗೆ ಗಾಜು ಕೂಡಿಸಲು ಗಾಜಿನ ಕುಶಲಕರ್ಮಿಗಳನ್ನೂ ಅಲ್ಲಿಂದಲೇ ಕರೆಸಿದರು. ಅಕ್ಷರ ಬಾರದ ಜನರೂ ದೇವಾಲಯವನ್ನು ಪ್ರವೇಶಿಸಿದೊಡನೆ ಪ್ರಭುವಿನ ಮತ್ತು ಸಂತರ ಮುಖಗಳನ್ನು ಕಾಣಲೆಂದು ಗೋಡೆಗಳ ಮೇಲೆ ಚಿತ್ರಫಲಕಗಳನ್ನು ಇರಿಸಿದರು. ರೋಮಿನ ಸಂತ ಪೇತ್ರರ ಮಹಾದೇವಾಲಯದ ಪ್ರಧಾನ ಗಾಯಕ ಯೊವಾನ್ನರನ್ನೇ ಕರೆತಂದು ಕೀರ್ತನೆಗಳ ಗಾಯನವನ್ನು ಕಲಿಸಿದರು.

ಕೆಲವು ವರ್ಷಗಳ ನಂತರ, ಅಲ್ಲಿಂದ ಸುಮಾರು 11 ಕಿಲೋಮೀಟರು ದೂರದ ಟೈನ್ ನದಿಯ ಬಳಿ, ಜ್ಯಾರೋ ಎಂಬಲ್ಲಿ ಸಂತ ಪೌಲರ ಹೆಸರಿನ ಎರಡನೆಯ ನೆಲೆ ಆರಂಭವಾಯಿತು. ಅದರ ಮಠಾಧಿಪತಿಯಾಗಿ ನೇಮಕಗೊಂಡವರು ಚೆಯೊಲ್‌ಫ್ರಿತ್. ಬಾಲಕ ಬೀಡರೂ ಅವರೊಡನೆ ಜ್ಯಾರೋಗೆ ಹೋದರೆಂದು ತಿಳಿಯಲಾಗಿದೆ. ಅಲ್ಲಿನ ದೇವಾಲಯದ ಪ್ರತಿಷ್ಠಾಪನೆಯು ಕ್ರಿ.ಶ. 685ರ ಏಪ್ರಿಲ್ 23ರಂದು ನೆರವೇರಿತು. ಆ ದಿನವನ್ನು ಕೆತ್ತಿದ ಶಿಲಾಶಾಸನವು ಇಂದಿಗೂ ಅದೇ ದೇವಾಲಯದ ಗೋಡೆಯಲ್ಲಿದೆ. ಇಂಗ್ಲೆಂಡಿನಲ್ಲಿ ಉಳಿದುಬಂದಿರುವ ದೇವಾಲಯ ಪ್ರತಿಷ್ಠಾಪನೆಯ ಶಾಸನಗಳಲ್ಲಿ ಅದೇ ಅತ್ಯಂತ ಪ್ರಾಚೀನವಾದುದು. ಗಮನಿಸಬೇಕಾದ ವಿಷಯವೊಂದಿದೆ. ಆ ಕಲ್ಲಿನಲ್ಲಿ ಕ್ರಿಸ್ತಶಕದ ವರ್ಷವಿಲ್ಲ. ದೊರೆ ಎಜ್‌ಫ್ರಿತನ ಆಳ್ವಿಕೆಯ 15ನೆಯ ವರ್ಷ, ಮಠಾಧಿಪತಿ ಚೆಯೊಲ್‌ಫ್ರಿತರ 4ನೆಯ ವರ್ಷ ಎಂದಿದೆ. ವರ್ಷಗಳನ್ನು ಅಂದು ಎಣಿಸುತ್ತಿದ್ದ ರೀತಿ ಅದು. ಆದರೆ ಅರಸನ ಆ ವರ್ಷ ಪೂರ್ತಿಯಾಗಲಿಲ್ಲ. ತಿಂಗಳೊಪ್ಪತ್ತಿನೊಳಗೆ, ಮೇ 20ರಂದು, ಉತ್ತರದ ಪಿಕ್ಟರ ಮೇಲೆ ದಂಡೆತ್ತಿ ಹೋಗಿದ್ದ ಎಜ್‌ಫ್ರಿತನು ಸೈನ್ಯಸಮೇತ ಹತನಾದನು. ಅರಸರ ಹೆಸರಿನಲ್ಲಿ ಎಣಿಸಿದ ಕಾಲವು ಅರಸರೊಂದಿಗೇ ಮುಗಿದುಹೋಗುತ್ತದೆಂಬ ಪಾಠವನ್ನು ಹನ್ನೆರಡರ ಪ್ರಾಯದ ಬೀಡರು ಕಣ್ಣಾರೆ ಕಂಡರು.

ಮಹಾಮಾರಿಯ ವರ್ಷ

ಮರುವರ್ಷವೇ ಇನ್ನೂ ಘೋರವಾದ ಪರೀಕ್ಷೆ ಬಂದೊದಗಿತು. 686ರಲ್ಲಿ ಮಹಾಮಾರಿಯು ಮಠವನ್ನು ಹೊಕ್ಕಿತು. ಜ್ಯಾರೋದಲ್ಲಿ ವಾಚನ ಮಾಡಬಲ್ಲ, ಪ್ರಬೋಧಿಸಬಲ್ಲ, ಕೀರ್ತನೆಗಳ ಪಲ್ಲವಿಗಳನ್ನು ಹಾಡಬಲ್ಲ ಸನ್ಯಾಸಿಗಳೆಲ್ಲರೂ ಒಬ್ಬೊಬ್ಬರಾಗಿ ಮಡಿದರು. ಉಳಿದವರು ಮಠಾಧಿಪತಿ ಚೆಯೊಲ್‌ಫ್ರಿತ್ ಮತ್ತು ಒಬ್ಬ ಚಿಕ್ಕ ಹುಡುಗ ಮಾತ್ರ. ಇಬ್ಬರೇ ಎಲ್ಲ ಜಾವಗಳ ಪ್ರಾರ್ಥನೆಯನ್ನು ನಡೆಸುವುದು ದುಸ್ಸಾಧ್ಯವೆಂದು ತೋರಿ, ಪ್ರಾತಃಕಾಲದ ಮತ್ತು ಸಂಧ್ಯಾಕಾಲದ ಪ್ರಾರ್ಥನೆಗಳನ್ನು ಬಿಟ್ಟು ಮಿಕ್ಕ ವೇಳೆಗಳಲ್ಲಿ ಪಲ್ಲವಿಯಿಲ್ಲದೆ ಕೀರ್ತನೆಗಳನ್ನು ಹೇಳಬೇಕೆಂದು ಮಠಾಧಿಪತಿಗಳು ನಿರ್ಧರಿಸಿದರು. ಒಂದು ವಾರ ಹಾಗೆ ನಡೆಯಿತು. ಆದರೆ ಆ ಬರಿದಾದ ಪ್ರಾರ್ಥನೆಯನ್ನು ಕೇಳಿ ಅವರ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಕೊನೆಗೆ, ಎಷ್ಟೇ ಕಷ್ಟವಾದರೂ ಸರಿ, ಪೂರ್ಣಕ್ರಮವನ್ನೇ ಹಾಡುವುದೆಂದು ತೀರ್ಮಾನಿಸಿ, ಬೇರೆಯವರು ಕಲಿತು ಸಿದ್ಧರಾಗುವವರೆಗೆ ಆ ಮಠಾಧಿಪತಿಗಳೂ ಆ ಬಾಲಕನೂ ಶೂನ್ಯವಾದ ದೇವಾಲಯದಲ್ಲಿ ಎದುರುಬದುರಾಗಿ ನಿಂತು ದೇವಸ್ತುತಿಯನ್ನು ನಡೆಸಿಕೊಂಡು ಬಂದರು.

ಈ ವೃತ್ತಾಂತವು ಆ ಮಠದಲ್ಲಿಯೇ ಬರೆಯಲಾದ ಚೆಯೊಲ್‌ಫ್ರಿತರ ಜೀವನಚರಿತ್ರೆಯಲ್ಲಿದೆ. ಹುಡುಗನ ಹೆಸರನ್ನು ಅದು ಹೇಳುವುದಿಲ್ಲ. ಅವನು ಮುಂದೆ ಅದೇ ಮಠದಲ್ಲಿ ಯಾಜಕನಾಗಿ ಮಠಾಧಿಪತಿಗಳ ಸತ್ಕಾರ್ಯಗಳನ್ನು ನುಡಿಯಿಂದಲೂ ಬರಹದಿಂದಲೂ ಸ್ಮರಿಸುತ್ತಿದ್ದನೆಂದಷ್ಟೇ ಹೇಳುತ್ತದೆ. ಆ ಬಾಲಕ ಬೀಡರೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅಂದು ಆ ಇಬ್ಬರು ಸುಮ್ಮನಾಗಿದ್ದರೆ ಜ್ಯಾರೋದ ಕಥೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಧರ್ಮಕೇಂದ್ರವೊಂದು ಉಳಿಯುವುದು ಗೋಡೆಗಳ ಬಲದಿಂದಲ್ಲ, ಪ್ರಾರ್ಥನೆಯನ್ನು ನಿಲ್ಲಿಸದ ಕೆಲವರ ಹಟದಿಂದ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತ ಬೇಕಿಲ್ಲ.

ಗ್ರಂಥಗಳ ನಡುವೆ

ಬೀಡರು 19ನೆಯ ವಯಸ್ಸಿನಲ್ಲಿ ಸೇವಾದರ್ಶಿಯಾಗಿಯೂ, 30ನೆಯ ವಯಸ್ಸಿನಲ್ಲಿ ಯಾಜಕರಾಗಿಯೂ ಹೆಕ್ಸಮ್ಮಿನ ಧರ್ಮಾಧ್ಯಕ್ಷ ಯೊವಾನ್ನರಿಂದ ಅಭಿಷಿಕ್ತರಾದರು. ಸೇವಾದರ್ಶಿಯಾಗಲು ಅಂದು 25 ವರ್ಷ ತುಂಬಬೇಕೆಂಬ ನಿಯಮವಿತ್ತು. ಅವರಿಗೆ ಅಷ್ಟು ಮುಂಚೆಯೇ ಆ ಪದವಿ ದೊರೆತದ್ದು ಅವರ ಯೋಗ್ಯತೆಗೆ ಸಾಕ್ಷಿ. ಅದರಾಚೆಗೆ ಅವರು ಯಾವ ಅಧಿಕಾರವನ್ನೂ ಏರಲಿಲ್ಲ. ಮಠಾಧಿಪತಿಯಾಗಲಿಲ್ಲ, ಧರ್ಮಾಧ್ಯಕ್ಷರಾಗಲಿಲ್ಲ. ಲಿಂಡಿಸ್ಫಾರ್ನ್, ಯಾರ್ಕ್ ಮುಂತಾದ ಸ್ಥಳಗಳಿಗೆ ಹೋದುದನ್ನು ಬಿಟ್ಟರೆ ಮಠದಿಂದ ಹೊರಗೆ ಹೋದದ್ದೇ ಅಪರೂಪ. ಕಲಿಯುವುದು, ಕಲಿಸುವುದು, ಬರೆಯುವುದು ಈ ಮೂರರಲ್ಲಿಯೇ ತಮಗೆ ಸದಾ ಆನಂದವಿತ್ತೆಂದು ಅವರೇ ಹೇಳಿಕೊಂಡಿದ್ದಾರೆ.

ಬಿಸ್ಕಪ್ಪರು ಕೂಡಿಸಿದ ಮತ್ತು ಚೆಯೊಲ್‌ಫ್ರಿತರು ಇಮ್ಮಡಿಗೊಳಿಸಿದ ಗ್ರಂಥಭಂಡಾರವೇ ಅವರ ಪ್ರಪಂಚ. ಪುಸ್ತಕದ ಬೆಲೆ ಅಂದು ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಭೂಗೋಳದ ಒಂದು ಸುಂದರ ಗ್ರಂಥಕ್ಕೆ ಬದಲಾಗಿ ದೊರೆ ಆಲ್ಡ್‌ಫ್ರಿತನು ಎಂಟು ಕುಟುಂಬಗಳು ಬಾಳಬಹುದಾದಷ್ಟು ಭೂಮಿಯನ್ನು ಮಠಕ್ಕೆ ಬರೆದುಕೊಟ್ಟನು. ಇದೇ ಮಠದಲ್ಲಿ ಚೆಯೊಲ್‌ಫ್ರಿತರ ಅಪ್ಪಣೆಯಂತೆ ಇಡೀ ಬೈಬಲಿನ ಮೂರು ಬೃಹತ್ ಪ್ರತಿಗಳು ಸಿದ್ಧವಾದವು. ಕರುವಿನ ಚರ್ಮದ ಸಾವಿರಕ್ಕೂ ಮಿಕ್ಕಿದ ಹಾಳೆಗಳು, 34 ಕಿಲೋಗ್ರಾಮಿನಷ್ಟು ತೂಕ. ಅವುಗಳಲ್ಲೊಂದನ್ನು ಸಂತ ಪೇತ್ರರಿಗೆ ಕಾಣಿಕೆಯಾಗಿ ಅರ್ಪಿಸಲು ಚೆಯೊಲ್‌ಫ್ರಿತರು 716ರಲ್ಲಿ, ತಮ್ಮ 74ರ ಇಳಿವಯಸ್ಸಿನಲ್ಲಿ ರೋಮಿಗೆ ಹೊರಟರು. ಎರಡು ನೆಲೆಗಳ ಸುಮಾರು 600 ಮಂದಿ ಸನ್ಯಾಸಿಗಳನ್ನು ಅಗಲಿ ಹೋದ ಆ ಹಿರಿಯರು ರೋಮನ್ನು ತಲುಪಲಿಲ್ಲ. ಸೆಪ್ಟೆಂಬರ್ 25ರಂದು ಫ್ರಾನ್ಸಿನ ಲಾಂಗ್ರ್ ಎಂಬಲ್ಲಿ ಪ್ರಾಣಬಿಟ್ಟರು. ಬಾಲ್ಯದಿಂದ ತಂದೆಯಂತಿದ್ದ ಗುರುಗಳ ಅಗಲಿಕೆಯಿಂದ ಬೀಡರ ಮನಸ್ಸು ಎಷ್ಟು ಕಲಕಿತೆಂದರೆ ಕೈಯಲ್ಲಿದ್ದ ವ್ಯಾಖ್ಯಾನವನ್ನು ಕೆಲಕಾಲ ಮುಂದುವರಿಸಲಾಗಲಿಲ್ಲ.

ಆ ಮಹಾಗ್ರಂಥವು ಮುಂದೆ ಇಟಲಿಯ ಅಮಿಯಾಟ ಪರ್ವತದ ಮಠವನ್ನು ಸೇರಿತು. ಅಲ್ಲಿ ಯಾರೋ ಅರ್ಪಣೆಯ ಪುಟದಲ್ಲಿದ್ದ ಚೆಯೊಲ್‌ಫ್ರಿತರ ಹೆಸರನ್ನು ಕೆರೆದು ಬೇರೊಂದು ಹೆಸರನ್ನು ಬರೆದರು. ಹೀಗಾಗಿ ಸಾವಿರ ವರ್ಷ ಅದು ಇಟಲಿಯಲ್ಲಿಯೇ ಬರೆದದ್ದೆಂದು ಜನ ನಂಬಿದ್ದರು. 19ನೆಯ ಶತಮಾನದ ಕೊನೆಯಲ್ಲಷ್ಟೇ ವಿದ್ವಾಂಸರು ಅಳಿಸಿದ ಅಕ್ಷರಗಳನ್ನು ಗುರುತಿಸಿ ಅದು ಬೀಡರ ಮಠದ ಕೃತಿಯೆಂದು ಸಿದ್ಧಪಡಿಸಿದರು. ಸಂತ ಜೆರೋಮರ ಲತೀನ್ ಅನುವಾದದಲ್ಲಿರುವ ಸಂಪೂರ್ಣ ಬೈಬಲಿನ ಪ್ರತಿಗಳಲ್ಲಿ ಇಂದು ನಮಗೆ ಉಳಿದಿರುವ ಅತ್ಯಂತ ಹಳೆಯದು ಇದೇ. ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯದಲ್ಲಿರುವ ಈ ಗ್ರಂಥವು 2018ರಲ್ಲಿ ಪ್ರದರ್ಶನಕ್ಕಾಗಿ ಲಂಡನ್ನಿಗೆ ಬಂದಾಗ, ಸಾವಿರದ ಮುನ್ನೂರು ವರ್ಷಗಳ ನಂತರ ಹುಟ್ಟಿದ ನಾಡನ್ನು ಕಂಡಂತಾಯಿತು.

ಕಾಲಗಣನೆಯ ಸಾಧಕ

ಪಾಸ್ಕ ಹಬ್ಬವನ್ನು ಎಂದು ಆಚರಿಸಬೇಕೆಂಬ ಪ್ರಶ್ನೆಯು ಆ ಕಾಲದ ಉತ್ತರ ಬ್ರಿಟನ್ನನ್ನು ಇಬ್ಭಾಗ ಮಾಡಿತ್ತು. ಐಯೋನಾದ ಪರಂಪರೆಯವರದು ಒಂದು ಲೆಕ್ಕ, ರೋಮಿನದು ಇನ್ನೊಂದು. ಅರಮನೆಯಲ್ಲಿ ದೊರೆ ಓಸ್ವಿ ಪಾಸ್ಕದ ಹಬ್ಬದೂಟ ಮಾಡುತ್ತಿರುವಾಗ ಕೆಂಟಿನಿಂದ ಬಂದ ರಾಣಿಯು ಗರಿಗಳ ಭಾನುವಾರವನ್ನು ಆಚರಿಸುತ್ತ ಇನ್ನೂ ಉಪವಾಸದಲ್ಲಿರುವ ಪರಿಸ್ಥಿತಿಯೂ ಬಂದಿತ್ತು. 664ರಲ್ಲಿ ಸಂತ ಹಿಲ್ಡಾ ಅವರ ವಿಟ್ಬಿ ಮಠದಲ್ಲಿ ಕೂಡಿದ ಸಭೆಯಲ್ಲಿ ದೊರೆಯು ರೋಮಿನ ಕ್ರಮವನ್ನು ಅಂಗೀಕರಿಸಿದನು. ಐಯೋನಾ ಮಠವು 716ರಲ್ಲಿ ಅದನ್ನು ಒಪ್ಪಿತು.

ಆದರೆ ತೀರ್ಪು ಆದಮಾತ್ರಕ್ಕೆ ಲೆಕ್ಕ ತಿಳಿದಂತಾಗಲಿಲ್ಲ. ಸೂರ್ಯನ ವರ್ಷವನ್ನೂ ಚಂದ್ರನ ತಿಂಗಳನ್ನೂ ಹೊಂದಿಸಿ ಹಬ್ಬದ ದಿನವನ್ನು ಗೊತ್ತುಮಾಡುವುದು ಪಂಚಾಂಗದ ಕಠಿಣ ಗಣಿತ. ಅದನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಬೀಡರು ಎರಡು ಗ್ರಂಥಗಳಲ್ಲಿ ವಿವರಿಸಿದರು. 703ರಲ್ಲಿ ಬರೆದುದು ಚಿಕ್ಕದು. 725ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಬೆರಳುಗಳಿಂದ ಎಣಿಸುವ ಕ್ರಮದಿಂದ ಹಿಡಿದು ಗ್ರಹಣಗಳವರೆಗೆ ಎಲ್ಲವೂ ಇದೆ. ಭೂಮಿಯು ಚೆಂಡಿನಂತೆ ಎಲ್ಲ ಕಡೆಗಳಿಂದಲೂ ಗುಂಡಾಗಿದೆಯೆಂದು ಅವರು ಸ್ಪಷ್ಟವಾಗಿ ಬರೆದರು. ಸಮುದ್ರದ ಉಬ್ಬರವಿಳಿತಗಳು ಚಂದ್ರನನ್ನನುಸರಿಸುತ್ತವೆ, ಆದರೆ ಒಂದೇ ಕರಾವಳಿಯ ಬೇರೆ ಬೇರೆ ಸ್ಥಳಗಳಲ್ಲಿ ಅವುಗಳ ವೇಳೆ ಬೇರೆ ಬೇರೆ, ಒಂದೊಂದು ಸ್ಥಳದಲ್ಲಿ ಮಾತ್ರ ಕ್ರಮ ತಪ್ಪುವುದಿಲ್ಲ ಎಂಬುದನ್ನು ಗುರುತಿಸಿದರು. ಕಡಲತೀರದ ಬೆಸ್ತರು ಅನುಭವದಿಂದ ಬಲ್ಲ ಸತ್ಯಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಅವರು ಮೊದಲಿಗರು.

ಇಂತಹ ಪ್ರಾಮಾಣಿಕ ದುಡಿಮೆಗೂ ಅಪವಾದ ತಪ್ಪಲಿಲ್ಲ. ಹೀಬ್ರೂ ಮೂಲವನ್ನನುಸರಿಸಿದ ಬೈಬಲಿನ ಲೆಕ್ಕದಂತೆ, ಸೃಷ್ಟಿಯಿಂದ ಕ್ರಿಸ್ತನ ಜನನಕ್ಕೆ 3952 ವರ್ಷಗಳೆಂದು ಅವರು ಬರೆದಿದ್ದರು. ಐದು ಸಾವಿರಕ್ಕೂ ಹೆಚ್ಚೆಂಬ ಹಳೆಯ ಎಣಿಕೆಗೆ ಅದು ವಿರುದ್ಧವಾಗಿತ್ತು. 708ರಲ್ಲಿ ಧರ್ಮಾಧ್ಯಕ್ಷ ವಿಲ್‌ಫ್ರಿದರ ಸಮ್ಮುಖದಲ್ಲಿ, ಔತಣದ ಸಮಯದಲ್ಲಿ, ಕೆಲವರು ಬೀಡರನ್ನು ಪಾಷಂಡಿಯೆಂದು ದೂಷಿಸಿದರು. ಸುದ್ದಿ ತಿಳಿದ ಬೀಡರು ದಿಗ್ಭ್ರಾಂತರಾದರು. ವಿಶ್ವಾಸವೇ ಉಸಿರಾಗಿದ್ದವರಿಗೆ ಇದಕ್ಕಿಂತ ದೊಡ್ಡ ಗಾಯವಿಲ್ಲ. ಅವರು ಮೌನ ತಾಳಲಿಲ್ಲ, ಸತ್ಯವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಪ್ಲೆಗ್ವಿನ್ ಎಂಬ ಸನ್ಯಾಸಿಗೆ ದೀರ್ಘಪತ್ರ ಬರೆದು, ತಮ್ಮ ಆಧಾರಗಳನ್ನು ಒಂದೊಂದಾಗಿ ಮುಂದಿಟ್ಟು, ಅದನ್ನು ಧರ್ಮಾಧ್ಯಕ್ಷರ ಮುಂದೆ ಓದಿಸಬೇಕೆಂದು ಕೋರಿದರು. ಹದಿನೇಳು ವರ್ಷಗಳ ಬಳಿಕ ಬರೆದ ದೊಡ್ಡ ಗ್ರಂಥದಲ್ಲಿಯೂ ಅದೇ ಲೆಕ್ಕವನ್ನು ದೃಢವಾಗಿ ನಿಲ್ಲಿಸಿದರು.

ಧರ್ಮಸಭೆಯ ಚರಿತ್ರೆ

ಬೀಡರ ಹೆಸರನ್ನು ಅಮರಗೊಳಿಸಿದ ಕೃತಿ, 731ರಲ್ಲಿ ಅವರು ಪೂರ್ಣಗೊಳಿಸಿದ ಆಂಗ್ಲ ಜನಾಂಗದ ಧರ್ಮಸಭೆಯ ಚರಿತ್ರೆ. ಲತೀನ್ ಭಾಷೆಯಲ್ಲಿ ಐದು ಭಾಗಗಳಲ್ಲಿರುವ ಈ ಗ್ರಂಥವನ್ನು ದೊರೆ ಚೆಯೊಲ್‌ವುಲ್ಫನಿಗೆ ಅರ್ಪಿಸಿದ್ದಾರೆ. ಕ್ರಿಸ್ತಜಯಂತಿಯಿಂದ ವರ್ಷಗಳನ್ನು ಎಣಿಸುವ ಕ್ರಮವನ್ನು ಆರನೆಯ ಶತಮಾನದಲ್ಲಿ ರೋಮಿನಲ್ಲಿದ್ದ ದಿಯೊನೀಸಿಯುಸ್ ಎಂಬ ಸನ್ಯಾಸಿಯು ಪಾಸ್ಕದ ಪಟ್ಟಿಗಾಗಿ ರೂಪಿಸಿದ್ದನು. ಅದನ್ನು ಮಹಾಚರಿತ್ರೆಯೊಂದರ ಉದ್ದಕ್ಕೂ ಬಳಸಿ ತೋರಿಸಿದವರು ಬೀಡರು. ಅರಸರು ಬಂದುಹೋಗುತ್ತಾರೆ, ರಾಜ್ಯಗಳು ಉರುಳುತ್ತವೆ, ಪ್ರಭುವಿನ ವರ್ಷ ಮಾತ್ರ ಎಲ್ಲರಿಗೂ ಒಂದೇ. ಅವರ ಗ್ರಂಥವು ಯೂರೋಪಿನ ಮಠಗಳಲ್ಲೆಲ್ಲ ಹರಡಿದಂತೆ ಈ ಕ್ರಮವೂ ಹರಡಿತು. ನಮ್ಮ ಮಕ್ಕಳು ಪಾಠಪುಸ್ತಕಗಳಲ್ಲಿ ಓದುವ ಕ್ರಿ.ಶ. ಎಂಬ ಎರಡು ಅಕ್ಷರಗಳ ಹಿಂದೆ ಈ ಸನ್ಯಾಸಿಯ ದುಡಿಮೆಯಿದೆ.

ಅವರು ಚರಿತ್ರೆ ಬರೆದ ವಿಧಾನವೂ ಆದರ್ಶಪ್ರಾಯ. ತಮಗೆ ತಿಳಿಸಿದವರ ಹೆಸರುಗಳನ್ನು ಮುನ್ನುಡಿಯಲ್ಲಿಯೇ ಕೊಟ್ಟಿದ್ದಾರೆ. ಕ್ಯಾಂಟರ್ಬರಿಯ ಮಠಾಧಿಪತಿ ಆಲ್ಬಿನುಸರು ಅಲ್ಲಿನ ದಾಖಲೆಗಳನ್ನು ಒದಗಿಸಿದರು. ಲಂಡನ್ನಿನ ಯಾಜಕ ನೊಥೆಲ್ಮರು ರೋಮಿನಲ್ಲಿ ಜಗದ್ಗುರುಗಳ ದಾಖಲೆಗಳನ್ನು ಶೋಧಿಸಿ ಸಂತ ಗ್ರೆಗೊರಿಯವರ ಪತ್ರಗಳ ಪ್ರತಿಗಳನ್ನು ತಂದರು. ಹಳೆಯ ದೇಗುಲಗಳನ್ನು ಕೆಡವದೆ ತೀರ್ಥ ಚಿಮುಕಿಸಿ ಶುದ್ಧಗೊಳಿಸಿ ದೇವಾಲಯಗಳನ್ನಾಗಿ ಮಾಡಬೇಕೆಂದು ಗ್ರೆಗೊರಿಯವರು 601ರಲ್ಲಿ ಬರೆದ ಪತ್ರವನ್ನೂ ಬೀಡರು ಸೇರಿಸಿರುವುದು ಅವರ ಕೃತಿಯ ಬೆಲೆಯನ್ನು ತೋರುತ್ತದೆ. ದನಕಾಯುವ ಕ್ಯಾಡ್ಮನ್ ಕನಸಿನಲ್ಲಿ ಹಾಡುವ ವರ ಪಡೆದು ತನ್ನ ತಾಯ್ನುಡಿಯಲ್ಲಿ ಸೃಷ್ಟಿಕರ್ತನನ್ನು ಕೊಂಡಾಡಿದ ಕಥೆ, ಚಳಿಗಾಲದ ರಾತ್ರಿ ಬೆಚ್ಚಗಿನ ಸಭಾಮಂದಿರದೊಳಗೆ ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಹಾರಿಹೋಗುವ ಗುಬ್ಬಚ್ಚಿಗೆ ಮಾನವ ಜೀವನವನ್ನು ಹೋಲಿಸಿದ ಎಡ್ವಿನನ ಮಂತ್ರಿಯ ಕಥೆ, ಇವೆಲ್ಲವೂ ಈ ಗ್ರಂಥದ ರತ್ನಗಳು.

ಐಡನ್ನರ ಪಾಸ್ಕದ ಲೆಕ್ಕವನ್ನು ಬೀಡರು ಒಪ್ಪಲಿಲ್ಲ. ಹಾಗಿದ್ದರೂ ಅವರ ದೀನತೆಯನ್ನು, ಬಡವರ ಮೇಲಿನ ಪ್ರೀತಿಯನ್ನು, ಶ್ರೀಮಂತರ ಮುಂದೆ ಬಾಗದ ಧೈರ್ಯವನ್ನು ಮನಸಾರೆ ಹೊಗಳಿದರು. ಆದರೆ ಬ್ರಿಟನ್ನರ ವಿಷಯದಲ್ಲಿ ಅವರಿಗೆ ಇಷ್ಟು ಔದಾರ್ಯ ಸಾಧ್ಯವಾಗಲಿಲ್ಲವೆಂಬುದನ್ನೂ ಹೇಳಲೇಬೇಕು. ಆಂಗ್ಲರಿಗೆ ಶುಭಸಂದೇಶ ಸಾರಲಿಲ್ಲವೆಂಬ ಕಾರಣಕ್ಕೆ ಅವರ ಮೇಲೆ ಕಠಿಣವಾಗಿ ಬರೆದರು. ಚೆಸ್ಟರಿನ ಯುದ್ಧದಲ್ಲಿ ಅವರ ಸನ್ಯಾಸಿಗಳು ಕೊಲೆಯಾದುದನ್ನೂ ದೈವದಂಡನೆಯೆಂಬಂತೆ ಕಂಡರು. ಸಂತರೂ ತಮ್ಮ ಕಾಲದ ಮಕ್ಕಳೇ.

ಭೂಗರ್ಭದ ಸಾಕ್ಷ್ಯ

ಬೀಡರ ಬರವಣಿಗೆ ಎಷ್ಟರಮಟ್ಟಿಗೆ ನಿಜ? ಇದಕ್ಕೆ 20ನೆಯ ಶತಮಾನದ ಉತ್ಖನನಗಳು ಉತ್ತರ ನೀಡಿವೆ. ಪೌಲಿನುಸರು ಅರಸನ ಒಂದು ಬೀಡಿನಲ್ಲಿ 36 ದಿನಗಳ ಕಾಲ ತಂಗಿ, ಬೆಳಗಿನಿಂದ ಸಂಜೆಯವರೆಗೆ ಜನರಿಗೆ ಧರ್ಮೋಪದೇಶ ಮಾಡಿ, ಸಮೀಪದ ಗ್ಲೆನ್ ಹೊಳೆಯಲ್ಲಿ ದೀಕ್ಷಾಸ್ನಾನ ಕೊಟ್ಟರೆಂದು ಬೀಡರು ಬರೆದಿದ್ದರು. 1949ರಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರವೊಂದರಲ್ಲಿ ಯೆವರಿಂಗ್ ಎಂಬ ಹೊಲದ ಬೆಳೆಯಲ್ಲಿ ವಿಚಿತ್ರ ಗುರುತುಗಳು ಕಂಡವು. ಅಲ್ಲಿ ಬ್ರಯನ್ ಹೋಪ್-ಟೇಲರ್ ನಡೆಸಿದ ಉತ್ಖನನದಲ್ಲಿ ಮರದ ಮಹಾಸಭಾಂಗಣಗಳ ತಳಹದಿ ದೊರೆಯಿತು. ಜನರು ಮೆಟ್ಟಿಲು ಮೆಟ್ಟಿಲಾಗಿ ಕುಳಿತು ಕೇಳಬಹುದಾದ, ಬೆಣೆಯಾಕಾರದ ಒಂದು ಕಟ್ಟಡದ ನೆಲೆಯೂ ಕಂಡುಬಂತು. ಉತ್ತರ ಬ್ರಿಟನ್ನಿನಲ್ಲಿ ಅದಕ್ಕೆ ಸರಿಸಾಟಿ ಇನ್ನೊಂದಿಲ್ಲ.

ಬೀಡರ ಸ್ವಂತ ಮಠದಲ್ಲಿ ಉತ್ಖನನ ನಡೆಸಿದವರು ಡರಮ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ರೋಸ್‌ಮರಿ ಕ್ರ್ಯಾಂಪ್. 1963ರಿಂದ 1978ರವರೆಗೆ ಜ್ಯಾರೋದಲ್ಲಿ ದುಡಿದ ಅವರ ಸಲಿಕೆಗೆ ಕಲ್ಲಿನ ಉದ್ದನೆಯ ಕಟ್ಟಡಗಳು, ಬಣ್ಣ ಬಳಿದ ಗಾರೆ ಮತ್ತು ನೀಲಿ, ಹಸಿರು, ಕಂದು ವರ್ಣಗಳ ಕಿಟಕಿ ಗಾಜಿನ ನೂರಾರು ಚೂರುಗಳು ಸಿಕ್ಕವು. ಗಾಲ್ ದೇಶದ ಗಾಜಿನವರ ಬಗ್ಗೆ ಬೀಡರು ಬರೆದ ಮಾತಿಗೆ ಮಣ್ಣೇ ಮುದ್ರೆಯೊತ್ತಿತು. ಆ ಚೂರುಗಳನ್ನು ಜೋಡಿಸಿ ಜ್ಯಾರೋ ದೇವಾಲಯದ ಒಂದು ಪುಟ್ಟ ಕಿಟಕಿಗೆ ಮತ್ತೆ ಕೂಡಿಸಲಾಗಿದೆ. ಬಾಲಕ ಬೀಡರು ಕೀರ್ತನೆ ಹಾಡುವಾಗ ಬಿದ್ದ ಬಣ್ಣದ ಬೆಳಕು ಇಂದಿನ ಭಕ್ತರ ಮೇಲೂ ಬೀಳುತ್ತದೆ.

ಎಲ್ಲದರಲ್ಲಿಯೂ ಅವರು ಸರಿಯೆಂದಲ್ಲ. ಮಠದ ಸಮೀಪದಲ್ಲಿಯೇ ಕೊನೆಗೊಳ್ಳುತ್ತಿದ್ದ ರೋಮನ್ನರ ಮಹಾಗೋಡೆಯು 8 ಅಡಿ ಅಗಲ, 12 ಅಡಿ ಎತ್ತರವಿದೆಯೆಂದು ನಿಖರವಾಗಿ ಬರೆದರಾದರೂ, ಅದು ರೋಮನ್ನರು ಹೊರಡುವಾಗ ಕಟ್ಟಿದ್ದೆಂಬ ಹಿಂದಿನವರ ಮಾತನ್ನು ನಂಬಿದರು. ಹೇಡ್ರಿಯನ್ನನ ಕಾಲದ ಶಾಸನಗಳು ಅದನ್ನು ತಿದ್ದಿವೆ.

ತಾಯ್ನುಡಿಯಲ್ಲಿ ಪ್ರಾರ್ಥನೆ

734ರಲ್ಲಿ ಬೀಡರು ತಮ್ಮ ಶಿಷ್ಯರೂ ಯಾರ್ಕಿನ ಧರ್ಮಾಧ್ಯಕ್ಷರೂ ಆಗಿದ್ದ ಎಗ್ಬರ್ಟರಿಗೆ ಒಂದು ಪತ್ರ ಬರೆದರು. ಅವರ ಬರಹಗಳಲ್ಲೆಲ್ಲ ಇದು ಅತ್ಯಂತ ನಿರ್ಭೀತವಾದುದು. ಬೆಟ್ಟಗಾಡಿನ ಹಳ್ಳಿಗಳು ಎಷ್ಟೋ ವರ್ಷಗಳಿಂದ ಧರ್ಮಾಧ್ಯಕ್ಷರ ಮುಖವನ್ನೇ ಕಂಡಿಲ್ಲ, ಆದರೆ ಅವರಿಗೆ ಸಲ್ಲಬೇಕಾದ ಕಾಣಿಕೆಯ ವಸೂಲಿ ಮಾತ್ರ ಯಾವ ಹಳ್ಳಿಗೂ ತಪ್ಪಿಲ್ಲವೆಂದು ನೊಂದು ಬರೆದರು. ಭೂಮಿಯ ಆಸೆಗಾಗಿ ಮಠಗಳೆಂಬ ಹೆಸರಿಟ್ಟುಕೊಂಡ ಶ್ರೀಮಂತರ ಮನೆಗಳನ್ನು ಖಂಡಿಸಿದರು. ದೃಢೀಕರಣ ಕೊಡಲು, ಉಪದೇಶಿಸಲು ಇನ್ನೂ ಹೆಚ್ಚು ಧರ್ಮಾಧ್ಯಕ್ಷರೂ ಯಾಜಕರೂ ಬೇಕೆಂದು ಒತ್ತಾಯಿಸಿದರು. ಶುದ್ಧಜೀವನ ನಡೆಸುವ ಸಾಮಾನ್ಯ ವಿಶ್ವಾಸಿಗಳು ಪರಮಪ್ರಸಾದವನ್ನು ಪದೇ ಪದೇ ಸ್ವೀಕರಿಸಬೇಕೆಂದು ಬಯಸಿದರು.

ಅದೇ ಪತ್ರದಲ್ಲಿ ಇನ್ನೊಂದು ವಿಷಯವಿದೆ. ವಿಶ್ವಾಸಸಂಗ್ರಹವನ್ನೂ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ಪ್ರತಿಯೊಬ್ಬರೂ ಕಂಠಪಾಠ ಮಾಡಬೇಕು, ಲತೀನ್ ಬಾರದವರು ತಮ್ಮ ಸ್ವಂತ ಭಾಷೆಯಲ್ಲಿಯೇ ಕಲಿತು ಹೇಳಬೇಕು ಎಂಬುದು ಅವರ ಸಲಹೆ. ಇದು ಜನಸಾಮಾನ್ಯರಿಗಷ್ಟೇ ಅಲ್ಲ, ಲತೀನ್ ತಿಳಿಯದ ಯಾಜಕರಿಗೂ ಅನ್ವಯಿಸುತ್ತದೆಂದು ಹೇಳಿ, ಅಂಥವರಿಗಾಗಿ ತಾವೇ ಈ ಎರಡನ್ನೂ ಆಂಗ್ಲರ ನುಡಿಗೆ ಅನುವಾದಿಸಿ ಹಲವು ಬಾರಿ ಕೊಟ್ಟಿರುವುದಾಗಿ ತಿಳಿಸಿದರು. ತಮ್ಮ ಕಾಲದ ಲತೀನ್ ಪಂಡಿತರಲ್ಲಿ ಅಗ್ರಗಣ್ಯರಾಗಿದ್ದವರ ಮಾತಿದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರಿನಲ್ಲಿ ದೈವಾರಾಧನೆಯಲ್ಲಿ ಜನರ ಭಾಷೆಗಳಿಗೆ ಬಾಗಿಲು ತೆರೆದ ಮೇಲೆ ನಮ್ಮ ಬಲಿಪೀಠಗಳಿಂದ ಕನ್ನಡದ ನುಡಿ ಕೇಳಿಬಂತು. ತಿಳಿದು ಪ್ರಾರ್ಥಿಸಬೇಕೆಂಬ ಆ ಹಂಬಲವು ಹನ್ನೆರಡು ಶತಮಾನಗಳಿಗೂ ಹಿಂದೆ ಜ್ಯಾರೋದ ಸನ್ಯಾಸಿಯ ಹೃದಯದಲ್ಲಿತ್ತು.

ಕೊನೆಯ ದಿನಗಳು

735ರ ಪಾಸ್ಕ ಹಬ್ಬಕ್ಕೆ ಮುಂಚೆಯೇ ಬೀಡರನ್ನು ಉಬ್ಬಸ ಹಿಡಿಯಿತು. ಅವರ ಕೊನೆಯ ದಿನಗಳ ವೃತ್ತಾಂತವನ್ನು ಶಿಷ್ಯ ಕಥ್‌ಬರ್ಟ್ ಪತ್ರರೂಪದಲ್ಲಿ ಬರೆದಿಟ್ಟಿದ್ದಾರೆ. ಹಗಲು ಪಾಠ ಹೇಳುತ್ತಿದ್ದರು, ರಾತ್ರಿ ನಿದ್ದೆ ಬಾರದಾಗ ಕೈಗಳನ್ನು ಚಾಚಿ ದೇವರನ್ನು ಸ್ತುತಿಸುತ್ತಿದ್ದರು. ಆಗ ಅವರ ಕೈಯಲ್ಲಿದ್ದ ಕೆಲಸಗಳಲ್ಲಿ ಮುಖ್ಯವಾದುದು ಸಂತ ಯೊವಾನ್ನರ ಶುಭಸಂದೇಶವನ್ನು ಆಂಗ್ಲರ ನುಡಿಗೆ ಅನುವಾದಿಸುವುದು. ಶಿಷ್ಯರು ತಪ್ಪನ್ನು ಕಲಿಯಬಾರದು, ತಾವು ಸತ್ತಮೇಲೆ ವ್ಯರ್ಥವಾಗಿ ಶ್ರಮಿಸಬಾರದು ಎಂಬುದೇ ಅವರ ಚಿಂತೆಯಾಗಿತ್ತು.

ಸ್ವರ್ಗಾರೋಹಣ ಹಬ್ಬದ ಹಿಂದಿನ ದಿನ, ಬುಧವಾರ, ಮಠದ ಯಾಜಕರನ್ನು ಕರೆಯಿಸಿ ತಮ್ಮ ಪುಟ್ಟ ಪೆಟ್ಟಿಗೆಯಲ್ಲಿದ್ದುದನ್ನು ಹಂಚಿದರು. ಅದರಲ್ಲಿದ್ದುದು ಸ್ವಲ್ಪ ಮೆಣಸು, ಕೆಲವು ವಸ್ತ್ರಗಳು, ಸ್ವಲ್ಪ ಧೂಪ. ಇಷ್ಟೇ ಅವರ ಆಸ್ತಿ. ಆ ಕಾಲದಲ್ಲಿ ಯೂರೋಪನ್ನು ತಲುಪುತ್ತಿದ್ದ ಮೆಣಸು ಭರತಖಂಡದ ಬೆಳೆ. ನಮ್ಮ ಪಡುವಣ ಘಟ್ಟಗಳ ಬಳ್ಳಿಗಳೇ ಅದರ ತವರು. ಎಷ್ಟು ಕಡಲುಗಳನ್ನು, ಎಷ್ಟು ಕೈಗಳನ್ನು ದಾಟಿ ಆ ಕಾಳುಗಳು ಟೈನ್ ನದಿಯ ಬಳಿಯ ಕೋಣೆಯನ್ನು ಸೇರಿದವೋ! ಸಂತನ ಅಂತಿಮ ಕಾಣಿಕೆಯಲ್ಲಿ ನಮ್ಮ ನೆಲದ ಪರಿಮಳವೂ ಇತ್ತೆಂಬುದು ನಮಗೆ ಸಂತೋಷದ ವಿಷಯ.

ಸಂಜೆಯಾಯಿತು. ಲಿಪಿಕಾರನಾದ ವಿಲ್ಬರ್ಟ್ ಎಂಬ ಹುಡುಗ, ಇನ್ನೊಂದು ವಾಕ್ಯ ಬರೆಯುವುದು ಉಳಿದಿದೆಯೆಂದು ನೆನಪಿಸಿದ. ಗುರುಗಳು ಅದನ್ನು ಹೇಳಿ ಬರೆಯಿಸಿದರು. ಮುಗಿಯಿತೆಂದು ಹುಡುಗ ತಿಳಿಸಿದಾಗ, ತಾವು ಎಂದೂ ಪ್ರಾರ್ಥಿಸುತ್ತಿದ್ದ ಸ್ಥಳವು ಕಾಣುವಂತೆ ತಮ್ಮನ್ನು ಕುಳ್ಳಿರಿಸಲು ಕೇಳಿಕೊಂಡರು. ಕೋಣೆಯ ನೆಲದ ಮೇಲೆ ಕುಳಿತು, ಪಿತನಿಗೂ ಸುತನಿಗೂ ಪವಿತ್ರಾತ್ಮರಿಗೂ ಸ್ತೋತ್ರ ಹಾಡುತ್ತ ಪ್ರಾಣಬಿಟ್ಟರು.

ಸ್ಮರಣೆ ಮತ್ತು ಗೌರವ

ಅವರ ಗ್ರಂಥಗಳಿಗಾಗಿ ಜರ್ಮನಿಯಲ್ಲಿ ಸೇವೆಗೈಯುತ್ತಿದ್ದ ಸಂತ ಬೋನಿಫಾಸರಿಂದಲೂ ಕೋರಿಕೆ ಬಂತು. 764ರಲ್ಲಿ ಮಠಾಧಿಪತಿಯಾಗಿದ್ದ ಕಥ್‌ಬರ್ಟರು, ಆ ವರ್ಷದ ಭೀಕರ ಚಳಿಯಲ್ಲಿ ಲಿಪಿಕಾರರ ಕೈಗಳು ಮರಗಟ್ಟಿದ್ದರಿಂದ ಹೆಚ್ಚು ಪ್ರತಿಗಳನ್ನು ಕಳುಹಿಸಲಾಗಲಿಲ್ಲವೆಂದು ಬರೆದರು. ಮಠದ ಪ್ರಾರ್ಥನೆಗೆ ದೇವದೂತರು ಬರುತ್ತಾರೆ, ಸಹೋದರರ ನಡುವೆ ತಾವಿಲ್ಲದಿದ್ದರೆ ಬೀಡ್ ಎಲ್ಲಿ ಎಂದು ಅವರು ವಿಚಾರಿಸಬಹುದೆಂದು ಬೀಡರು ಹೇಳುತ್ತಿದ್ದ ಸಂಗತಿಯನ್ನು ವಿದ್ವಾಂಸ ಆಲ್ಕುಯಿನ್ ನೆನೆದಿದ್ದಾರೆ. ಕಡಲ್ಗಳ್ಳರ ಹಾವಳಿಯಿಂದ ಮಠ ಪಾಳಾಯಿತು. 11ನೆಯ ಶತಮಾನದಲ್ಲಿ ಅವರ ಅಸ್ಥಿಗಳನ್ನು ಡರಮ್ ಪಟ್ಟಣಕ್ಕೆ ಒಯ್ಯಲಾಯಿತು. 1370ರಿಂದ ಅವು ಅಲ್ಲಿನ ಮಹಾದೇವಾಲಯದ ಗಲಿಲೇಯ ಎಂಬ ಪ್ರಾರ್ಥನಾಮಂದಿರದಲ್ಲಿವೆ. 16ನೆಯ ಶತಮಾನದಲ್ಲಿ ಅವರ ಸಂಪುಟವನ್ನು ಒಡೆದುಹಾಕಿದರೂ ಅಸ್ಥಿಗಳನ್ನು ಅಲ್ಲಿಯೇ ಹೂಳಲಾಯಿತು. 1899ರ ನವೆಂಬರ್ 13ರಂದು ಜಗದ್ಗುರು ಹದಿಮೂರನೆಯ ಲಿಯೋರವರು ಬೀಡರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಶತಮಾನೋತ್ಸವವನ್ನಾಚರಿಸುವ ಧರ್ಮಕೇಂದ್ರಕ್ಕೆ ಬೀಡರ ಬಾಳು ಹೇಳುವುದಿಷ್ಟು. ಪ್ರಾರ್ಥನೆಯನ್ನು ಇಬ್ಬರೇ ಉಳಿದರೂ ನಿಲ್ಲಿಸಬಾರದು. ವಿಶ್ವಾಸವನ್ನು ಮಕ್ಕಳಿಗೆ ಅವರ ನುಡಿಯಲ್ಲಿ ಕಲಿಸಬೇಕು. ಕಂಡದ್ದನ್ನು, ಕೇಳಿದ್ದನ್ನು ಹೇಳಿದವರ ಹೆಸರಿನೊಂದಿಗೆ ಬರೆದಿಡಬೇಕು. ಹೀಗೆ ಮಾಡಿದಲ್ಲಿ ಇನ್ನು ನೂರು ವರ್ಷಗಳ ಮೇಲೆ ಇಲ್ಲಿ ಕೂಡುವ ಭಕ್ತರಿಗೆ ನಮ್ಮ ಕಾಲದ ಸುದ್ದಿ ಕತ್ತಲಾಗಿ ಉಳಿಯದು. ಅಂತಹ ಶ್ರದ್ಧೆಯನ್ನು ನಮಗೂ ನಮ್ಮ ಮಕ್ಕಳಿಗೂ ಪ್ರಭುವು ಕರುಣಿಸುವಂತೆ ಪೂಜ್ಯ ಸಂತ ಬೀಡರು ನಮಗಾಗಿ ಪ್ರಾರ್ಥಿಸಲಿ.